ಹಳೆ ಬೋಟಿನ ಡೀಸೆಲ್ ಟ್ಯಾಂಕಿ ಅಡಿ ಯಾವಾಗಲೂ ಪಸೆ, ಎಷ್ಟು ಒರೆಸಿದರೂ ಒಣಗುವುದಿಲ್ಲ

ಹಳೆಬೋಟು_ಮಲ್ಪೆ · ಜೂನ್ 12

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮರದ ಟ್ರಾಲ್ ಬೋಟು. ಅಪ್ಪ ಮಾಡಿಸಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಇಂಜಿನ್ ರೂಮಿನಲ್ಲಿ ಎಡಕ್ಕೊಂದು ಬಲಕ್ಕೊಂದು ಡೀಸೆಲ್ ಟ್ಯಾಂಕಿ. ತಲಾ 600 ಲೀಟರ್, 4 ಎಂಎಂ ಕಬ್ಬಿಣದ ಶೀಟು. ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆದ ಮೇಲೆ ಬೋಟನ್ನು ಮೇಲೆ ಎಳೆಸಿದ್ದೇವೆ.

ಸಮಸ್ಯೆ ಬಲಗಡೆ ಟ್ಯಾಂಕಿಯದ್ದು. ಅಡಿಯಿಂದ ಸುಮಾರು ಒಂದು ಗೇಣು ಎತ್ತರದವರೆಗೆ ಯಾವಾಗ ಮುಟ್ಟಿದರೂ ಒದ್ದೆ. ಹಳೆ ಬನಿಯನ್ನಿನಲ್ಲಿ ಒರೆಸಿದೆ, ವೈರ್ ಬ್ರಷ್ ಹಾಕಿದೆ, ರೆಡ್ ಆಕ್ಸೈಡ್ ಎರಡು ಕೋಟು ಹೊಡೆದೆ. ನಾಲ್ಕನೇ ದಿನಕ್ಕೆ ಪೇಂಟು ಹಪ್ಪಳದ ಹಾಗೆ ಉಬ್ಬಿ ನಿಂತಿದೆ. ಬೆರಳಲ್ಲಿ ಒತ್ತಿದರೆ ಒಳಗಿಂದ ಕಂದು ನೀರು ಜಿನುಗುತ್ತದೆ.

ಎಡಗಡೆ ಟ್ಯಾಂಕಿ ಮಾತ್ರ ಆರಾಮವಾಗಿ ಉಂಟು. ಒಂದೇ ಬೋಟು, ಒಂದೇ ರೂಮು, ಒಂದೇ ವಯಸ್ಸು. ಅದಕ್ಕಿಲ್ಲದ ಕಾಯಿಲೆ ಇದಕ್ಕೆ ಯಾಕೆ?

ಇನ್ನೊಂದು ವಿಷಯ. ಹೋದ ಸೀಸನ್‌ನಲ್ಲಿ ಡೀಸೆಲ್‌ನಿಂದ ನೀರು ಬೇರೆ ಮಾಡುವ ಸೆಪರೇಟರ್ ಬಟ್ಟಲಿನಿಂದ ವಾರಕ್ಕೆ ಎರಡು ಸಲ ನೀರು ಬಿಡಬೇಕಾಗುತ್ತಿತ್ತು. ಎರಡೂ ಒಂದೇ ರೋಗವಾ ಅಂತ ಗೊತ್ತಿಲ್ಲ. ಟ್ಯಾಂಕಿ ಹೊರಗೆ ತೆಗೆಯಬೇಕಾದರೆ ಡೆಕ್ಕಿನ ಹಲಗೆ ಬಿಚ್ಚಬೇಕು. ಆ ಖರ್ಚಿಗೆ ಇಳಿಯುವ ಮೊದಲು ನಿಮ್ಮನ್ನೆಲ್ಲ ಕೇಳೋಣ ಅಂತ.

ಗಂಗೊಳ್ಳಿ_ಗಾಳಿ · ಜೂನ್ 12

ಅದು ಟ್ಯಾಂಕಿ ಬೆವರುವುದು ಮಾರಾಯ್ರೆ. ಖಾಲಿ ಇಟ್ಟರೆ ಒಳಗೂ ಬೆವರುತ್ತದೆ ಹೊರಗೂ ಬೆವರುತ್ತದೆ. ಬಂದ್ ಸಮಯದಲ್ಲಿ ಫುಲ್ ಮಾಡಿ ಇಡಬೇಕು. ನಮ್ಮ ಅಜ್ಜನ ಕಾಲದಿಂದ ಇದೇ ಪದ್ಧತಿ.

ಹಳೆಬೋಟು_ಮಲ್ಪೆ · ಜೂನ್ 12

ಅಣ್ಣ, ಎರಡು ತಿಂಗಳು ದುಡಿಮೆ ಇಲ್ಲ. ಬಲೆ ರಿಪೇರಿ, ಪೇಂಟು, ಮಕ್ಕಳ ಶಾಲೆ ಫೀಸು ಎಲ್ಲ ಈಗಲೇ. 1200 ಲೀಟರ್ ಡೀಸೆಲ್ ತುಂಬಿಸಿ ಸುಮ್ನೆ ಇಡಲು ದುಡ್ಡು ಎಲ್ಲಿಂದ ತರಲಿ?

ನೀರುಕೋಳಿ_ಬೆಂಗಳೂರು · ಜೂನ್ 12

ಬೋಟಿನ ಬಗ್ಗೆ ಏನೂ ಗೊತ್ತಿಲ್ಲ, ಆದರೂ ಕೇಳ್ತೀನಿ. ಮೊಬೈಲ್ ನೀರಿಗೆ ಬಿದ್ದರೆ ಅಕ್ಕಿ ಡಬ್ಬದಲ್ಲಿ ಇಡ್ತಾರಲ್ಲ, ಹಾಗೆ ಏನಾದ್ರೂ ಮಾಡಬಹುದಾ?

ಟ್ಯಾಂಕಿ_ವೆಲ್ಡರ್ · ಜೂನ್ 12

@ನೀರುಕೋಳಿ, ಇಡಬಹುದು. ಸಂಜೆಗೆ ಗಂಜಿ ರೆಡಿ.

ಥರ್ಡ್_ಇಂಜಿನಿಯರ್ · ಜೂನ್ 12

ನಾನು ಸರಕು ಹಡಗಿನಲ್ಲಿ ಕೆಲಸ ಮಾಡುವವನು, ಈಗ ರಜೆಯಲ್ಲಿ ಮನೆಯಲ್ಲಿದ್ದೇನೆ. ಗಂಗೊಳ್ಳಿ ಅಣ್ಣ ಬೇಸರ ಮಾಡಬೇಡಿ, ಈ "ಖಾಲಿ ಟ್ಯಾಂಕಿ ಒಳಗೆ ಬೆವರುತ್ತದೆ" ಅನ್ನುವುದನ್ನು ಒಂದು ಸಲ ಲೆಕ್ಕ ಹಾಕಿ ನೋಡೋಣ.

30 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವ ಹೀರಿಕೊಂಡಿದ್ದರೂ ಒಂದು ಘನ ಮೀಟರ್‌ನಲ್ಲಿ ಇರುವ ನೀರು ಸುಮಾರು 30 ಗ್ರಾಂ. 600 ಲೀಟರ್ ಟ್ಯಾಂಕಿ ಪೂರ್ತಿ ಖಾಲಿ ಇದ್ದರೆ ಒಳಗಿನ ಗಾಳಿಯಲ್ಲಿ ಇರುವುದು 18 ಗ್ರಾಂ. ರಾತ್ರಿ 25 ಡಿಗ್ರಿಗೆ ಇಳಿದರೆ ಅದರಲ್ಲಿ ನಾಲ್ಕು ಗ್ರಾಂ ಗೋಡೆಗೆ ಅಂಟುತ್ತದೆ. ಬೆಳಿಗ್ಗೆ ಬಿಸಿಯಾದಾಗ ಅದರಲ್ಲಿ ಸ್ವಲ್ಪ ಮತ್ತೆ ಗಾಳಿಗೆ ಹೋಗುತ್ತದೆ. ಟ್ಯಾಂಕಿ ಉಸಿರಾಡುವ ಏರ್ ಪೈಪಿನಿಂದ ದಿನಕ್ಕೆ ಒಳಗೆ ಬರುವ ಹೊಸ ಗಾಳಿ ಹತ್ತು ಲೀಟರ್ ಆಸುಪಾಸು, ಅದರಲ್ಲಿ ನೀರು ಕಾಲು ಗ್ರಾಂ ಚಿಲ್ಲರೆ. ಎರಡು ತಿಂಗಳ ಒಟ್ಟು ಲೆಕ್ಕ 20 ಗ್ರಾಂ ಹತ್ತಿರ ಬರುತ್ತದೆ. ಎರಡು ದೊಡ್ಡ ಚಮಚವೂ ತುಂಬುವುದಿಲ್ಲ.

ಈಗ ಇನ್ನೊಂದು ಲೆಕ್ಕ. ಡೆಕ್ಕಿನ ಮೇಲಿನ ಡೀಸೆಲ್ ಹಾಕುವ ಮುಚ್ಚಳದ ವಾಷರ್ ಹಳತಾಗಿ ಮಳೆ ನೀರು ಮೂರು ಸೆಕೆಂಡಿಗೆ ಒಂದು ಹನಿ ಇಳಿಯಿತು ಅನ್ನಿ. ನಿಮಿಷಕ್ಕೆ 20 ಹನಿ, ಅಂದರೆ ಹತ್ತಿರ ಹತ್ತಿರ 1 ಎಂಎಲ್. ಒಂದು ದಿನ ಮಳೆ ಬಿಡದೆ ಹೊಯ್ದರೆ 1.4 ಲೀಟರ್. ಮಲ್ಪೆಯಲ್ಲಿ ಜೂನ್ ತಿಂಗಳಲ್ಲಿ ಮಳೆ ಬಿಡುತ್ತದಾ?

ಹಾಗಾಗಿ ಸೆಪರೇಟರ್‌ನಲ್ಲಿ ವಾರಕ್ಕೆರಡು ಸಲ ನೀರು ಸಿಕ್ಕರೆ ಅದು ಬೆವರು ಅಲ್ಲ. ಮುಚ್ಚಳ ನೋಡಿ, ಏರ್ ಪೈಪಿನ ಬಾಯಿ ನೋಡಿ.

ಗಂಗೊಳ್ಳಿ_ಗಾಳಿ · ಜೂನ್ 12

ಪುಸ್ತಕದ ಲೆಕ್ಕ ಚೆನ್ನಾಗಿದೆ. ಫುಲ್ ಮಾಡಿಟ್ಟ ವರ್ಷ ನಮಗೆ ನೀರು ಬರಲಿಲ್ಲ, ಖಾಲಿ ಇಟ್ಟ ವರ್ಷ ಬಂತು. ಇದಕ್ಕೆ ಎಂತ ಹೇಳುತ್ತೀರಿ?

ಥರ್ಡ್_ಇಂಜಿನಿಯರ್ · ಜೂನ್ 12

ಫುಲ್ ಮಾಡಿದ ವರ್ಷ ಹಣ ಹಾಕಿದ್ದೀರಿ ಅಂತ ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ ಇಟ್ಟಿರುತ್ತೀರಿ. ಖಾಲಿ ಇಟ್ಟ ವರ್ಷ ಕಟ್ಟಿರುವುದಿಲ್ಲ. ಹೌದೋ ಅಲ್ವೋ?

ಗಂಗೊಳ್ಳಿ_ಗಾಳಿ · ಜೂನ್ 12

😀 ಅದು ಸರಿ. ಕಳ್ಳರ ಭಯಕ್ಕೆ ಬೀಗವನ್ನೂ ಹಾಕಿದ್ದೆ.

ತದಡಿ_ತಾಂಡೇಲ · ಜೂನ್ 13

ಟ್ಯಾಂಕಿ ಒಳಗಿನ ಮಾತು ಸಾಕು. ಹುಡುಗ ಕೇಳಿದ್ದು ಹೊರಗಿನ ಪಸೆ. ತಮ್ಮಾ, ಆ ಬಲಗಡೆ ಟ್ಯಾಂಕಿಯ ಹಿಂದೆ ಏನುಂಟು? ಐಸ್ ತುಂಬುವ ಸ್ಟೋರೇಜಿನ ಗೋಡೆ ಉಂಟಾ? ಎಡಗಡೆ ಏನುಂಟು?

ಹಳೆಬೋಟು_ಮಲ್ಪೆ · ಜೂನ್ 13

ಎರಡು ಟ್ಯಾಂಕಿಯ ಹಿಂದೂ ಸ್ಟೋರೇಜಿನ ಗೋಡೆಯೇ ತಾಂಡೇಲ್ರೇ. ಎಡಗಡೆ ಟ್ಯಾಂಕಿ ಪಕ್ಕದಲ್ಲಿ ಸೈಲೆನ್ಸರ್ ಪೈಪ್ ಮೇಲೆ ಹೋಗುತ್ತದೆ. ಬಲಗಡೆ ಅಂಥದ್ದೇನಿಲ್ಲ.

ತದಡಿ_ತಾಂಡೇಲ · ಜೂನ್ 13

ಹಾಗಾದರೆ ಅರ್ಧ ಉತ್ತರ ಅಲ್ಲೇ ಉಂಟು. ಸೈಲೆನ್ಸರ್ ಬಿಸಿಗೆ ಎಡಗಡೆಯದ್ದು ಬೆವರಿದರೂ ಒಣಗುತ್ತದೆ. ಬಲಗಡೆಯದ್ದು ಐಸಿನ ಗೋಡೆಗೆ ಬೆನ್ನು ಕೊಟ್ಟು ಕೂತಿದೆ, ಎದುರಿಗೆ ಇಂಜಿನ್ ರೂಮಿನ ಬಿಸಿ ಹಬೆ. ಸೋಡಾ ಬಾಟ್ಲಿ ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲೆ ಇಟ್ಟ ಹಾಗೆ. ಬೆವರು ಇಳಿದು ಅಡಿಯಲ್ಲಿ ನಿಲ್ಲುತ್ತದೆ.

ನಾನು 30 ವರ್ಷ ಬೋಟಿನಲ್ಲಿ ಇದ್ದವನು. ಸ್ಟೋರೇಜು ಮತ್ತು ಟ್ಯಾಂಕಿ ನಡುವೆ ಕೈ ಹೋಗುವಷ್ಟು ಜಾಗ ಬಿಡದೆ ಕೂರಿಸಿದ ಟ್ಯಾಂಕಿ ಬೇಗ ಹೋಗುತ್ತದೆ.

ಥರ್ಡ್_ಇಂಜಿನಿಯರ್ · ಜೂನ್ 13

ತಾಂಡೇಲರ ಮಾತು ನೂರಕ್ಕೆ ನೂರು. 30 ಡಿಗ್ರಿ ಬಿಸಿ, 80 ಪರ್ಸೆಂಟ್ ತೇವ ಇರುವ ಗಾಳಿಗೆ 26 ಡಿಗ್ರಿಯ ಕಬ್ಬಿಣ ಸಿಕ್ಕರೆ ಸಾಕು, ಬೆವರು ಶುರು. ನಾಲ್ಕೇ ಡಿಗ್ರಿ ವ್ಯತ್ಯಾಸ. ಐಸ್ ಪಕ್ಕದ ತಗಡು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಇಂಜಿನ್ ರೂಮಿನಲ್ಲಿ ಗಾಳಿ ಹೊಸದಾಗಿ ಬರುತ್ತಲೇ ಇರುತ್ತದೆ, ಹಾಗಾಗಿ ಟ್ಯಾಂಕಿ ಒಳಗಿನ ಚಮಚದ ಲೆಕ್ಕ ಹೊರಗೆ ನಡೆಯುವುದಿಲ್ಲ.

ಆದರೆ ಒಂದು ಡೌಟು. ಈಗ ಬೋಟು ಮೇಲೆ ಉಂಟು, ಸ್ಟೋರೇಜ್ ಖಾಲಿ, ಐಸೇ ಇಲ್ಲ. ಮತ್ತೆ ಈಗ ಯಾಕೆ ಒದ್ದೆ?

ಹಳೆಬೋಟು_ಮಲ್ಪೆ · ಜೂನ್ 13

ಅದೇ ನನ್ನ ತಲೆ ತಿನ್ನುತ್ತಿರುವುದು! ಡೆಕ್ಕಿಗೆ ಟರ್ಪಾಲು ಹೊದೆಸಿದ್ದೇನೆ, ಮಳೆ ನೀರು ಒಳಗೆ ಬೀಳುತ್ತಿಲ್ಲ. ಬೋಟಿನ ತಳದಲ್ಲಿ ನೀರೂ ಇಲ್ಲ.

ಕೆಮಿಸ್ಟ್ರಿ_ಮೇಡಂ · ಜೂನ್ 13

ನಾನು ಹೊನ್ನಾವರದವಳು, ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಬೋಟು ನೋಡಿ ಬೆಳೆದವಳು, ಓಡಿಸಿದವಳಲ್ಲ. ನನ್ನ ಅನುಮಾನ ಉಪ್ಪು.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಯಾರೂ ನೀರು ಹಾಕಿರುವುದಿಲ್ಲ, ಆದರೂ ಅಡಿಯಲ್ಲಿ ನೀರು ನಿಂತಿರುತ್ತದೆ. ಗಾಳಿಯ ತೇವ 75 ಪರ್ಸೆಂಟ್ ದಾಟಿದರೆ ಅಡುಗೆ ಉಪ್ಪು ತಾನೇ ಗಾಳಿಯಿಂದ ನೀರು ಎಳೆದು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದು ಇನ್ನೂ ಕಡಿಮೆ ತೇವದಲ್ಲೇ ಎಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈನಲ್ಲಿ ತೇವ 75ರ ಕೆಳಗೆ ಇಳಿಯುವುದು ಅಪರೂಪ.

ನಿಮ್ಮ ಟ್ಯಾಂಕಿಯ ಅಡಿ ಎಲ್ಲೋ ಉಪ್ಪು ಕೂತಿದೆ. ಬನಿಯನ್ನಿನಲ್ಲಿ ಒರೆಸಿದರೆ ನೀರು ಮಾತ್ರ ಹೋಗುತ್ತದೆ, ಉಪ್ಪು ತುಕ್ಕಿನ ಪದರದ ಒಳಗೇ ಉಳಿಯುತ್ತದೆ. ಅದರ ಮೇಲೆ ರೆಡ್ ಆಕ್ಸೈಡ್ ಹೊಡೆದರೆ ಉಪ್ಪು ಪೇಂಟಿನ ಅಡಿಯಿಂದಲೂ ನೀರು ಎಳೆಯುತ್ತದೆ. ನೀವು ಹೇಳಿದ ಹಪ್ಪಳ ಅದೇ.

ಟ್ಯಾಂಕಿ_ವೆಲ್ಡರ್ · ಜೂನ್ 13

ಮೇಡಂ, ಇಷ್ಟು ವರ್ಷ ನಾನು ಇದನ್ನು "ಕಬ್ಬಿಣಕ್ಕೆ ಉಪ್ಪು ಹತ್ತಿದೆ" ಅಂತ ಮಾತ್ರ ಹೇಳುತ್ತಿದ್ದೆ. ಕಾರಣ ಈಗ ಗೊತ್ತಾಯ್ತು.

ನನ್ನ ಅನುಭವ ಹೇಳುತ್ತೇನೆ. ಮಂಗಳೂರು ಬಂದರಿನಲ್ಲಿ ನನ್ನ ಹತ್ತಿರ ಬರುವ ತೂತಾದ ಟ್ಯಾಂಕಿಗಳಲ್ಲಿ ಒಳಗಿಂದ ತಿಂದುಹೋದದ್ದಕ್ಕಿಂತ ಹೊರಗಿಂದ ತಿಂದುಹೋದದ್ದೇ ಜಾಸ್ತಿ. ಅದೂ ಎಲ್ಲಿ? ಕಣ್ಣಿಗೆ ಕಾಣುವಲ್ಲಿ ಅಲ್ಲ. ಟ್ಯಾಂಕಿ ಕೂತಿರುವ ಮರದ ಪಟ್ಟಿಯ ಮೇಲೆ ಸರಿಯಾಗಿ ಗೆರೆ ಎಳೆದ ಹಾಗೆ. ಹಿಂದೆ ಟ್ಯಾಂಕಿ ಅದುರಬಾರದು ಅಂತ ಪಟ್ಟಿಗೂ ಟ್ಯಾಂಕಿಗೂ ನಡುವೆ ಕೈಗೆ ಸಿಕ್ಕಿದ್ದನ್ನು ತುರುಕುತ್ತಿದ್ದರು. ಗೋಣಿ, ಹಳೆ ಹಗ್ಗ, ಟಯರ್ ಟ್ಯೂಬು, ಸ್ಪಂಜು. ನಿಮ್ಮದು 98ರ ಬೋಟು. ಅಡಿಯಲ್ಲಿ ಗೋಣಿ ಇಲ್ಲದಿದ್ದರೆ ನನ್ನ ಹೆಸರು ಬದಲಿಸಿ.

ಸಣ್ಣ ಸುತ್ತಿಗೆಯಲ್ಲಿ ಅಡಿಯ ಅಂಚು ಮೆಲ್ಲ ತಟ್ಟುತ್ತಾ ಹೋಗಿ. ಟಣ್ ಅಂದರೆ ಶೀಟು ಉಂಟು. ಡಬ್ ಅಂದರೆ ಪದರ ಎದ್ದಿದೆ. ಜೋರಾಗಿ ತಟ್ಟಬೇಡಿ, ತೂತಾದರೆ ಮತ್ತೆ ನನಗೆ ಬೈಯಬೇಡಿ.

ಸೌತಾಂಪ್ಟನ್_ಸುಬ್ಬ · ಜೂನ್ 13

ಇಂಗ್ಲೆಂಡಿನಿಂದ ಒಬ್ಬ ಕುಂದಾಪುರದವನ ನಮಸ್ಕಾರ. ನನ್ನ ಹತ್ತಿರ 1980ರ ದಶಕದ ಒಂದು ಫೈಬರ್ ಹಾಯಿದೋಣಿ ಉಂಟು. ಟ್ಯಾಂಕಿ ಅಲ್ಯೂಮಿನಿಯಂ, ಅದರ ಸುತ್ತ ಫೋಮ್ ತುಂಬಿಸಿ ಬಿಗಿ ಮಾಡಿದ್ದರು. ಫೋಮ್ ನೀರು ಕುಡಿಯುವುದಿಲ್ಲ ಅಂತ ಎಲ್ಲರ ನಂಬಿಕೆ. ಕಿತ್ತು ನೋಡಿದರೆ ಒದ್ದೆ ಬ್ರೆಡ್ ಹಾಗಿತ್ತು. ಟ್ಯಾಂಕಿ ಮೇಲೆ ಸುಣ್ಣದ ಹಾಗೆ ಬಿಳಿ ಹಿಟ್ಟು, ಅದನ್ನು ಕೆರೆದರೆ ಕೆಳಗೆ ಗುಂಡಿ.

ಅಲ್ಯೂಮಿನಿಯಂ ಆಗಲಿ ಸ್ಟೇನ್‌ಲೆಸ್ ಆಗಲಿ, ಗಾಳಿ ತಾಗುತ್ತಿದ್ದರೆ ಮಾತ್ರ ಅದರ ಮೇಲಿನ ಕಾಯುವ ಪದರ ಉಳಿಯುತ್ತದೆ. ಒದ್ದೆ ಬಟ್ಟೆ ಸುತ್ತಿ ಗಾಳಿ ಬಂದ್ ಮಾಡಿದರೆ ಸ್ಟೇನ್‌ಲೆಸ್ ಕೂಡ ತೂತಾಗುತ್ತದೆ. "ಸ್ಟೇನ್‌ಲೆಸ್ ಹಾಕಿಬಿಡಿ, ಚಿಂತೆ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿ ಚಳಿಗಾಲದಲ್ಲಿ ನಾನು ಗಾಳಿಯ ತೇವ ಎಳೆಯುವ ಮಿಷನ್ ಇಡುತ್ತೇನೆ, ದಿನಕ್ಕೆ ಒಂದು ಬಕೆಟ್ ನೀರು ಬರುತ್ತದೆ.

ಗಂಗೊಳ್ಳಿ_ಗಾಳಿ · ಜೂನ್ 13

ಸುಬ್ಬಣ್ಣ, ನಿಮ್ಮದು ಶೋಕಿ ದೋಣಿ. ನಾವು ಆ ಮಿಷನ್ ಇಟ್ಟರೆ ದಕ್ಕೆಯ ಬೆಕ್ಕುಗಳೂ ನಗುತ್ತವೆ.

ಸೌತಾಂಪ್ಟನ್_ಸುಬ್ಬ · ಜೂನ್ 13

ನಗಲಿ ಬಿಡಿ. ಇಲ್ಲಿ ಬಂಗುಡೆ ಸಿಗುತ್ತದೆ, ಆದರೆ ನಮ್ಮ ರುಚಿ ಇಲ್ಲ. ಅದರ ಮುಂದೆ ಇದೆಲ್ಲ ಸಣ್ಣ ದುಃಖ.

ಕಾಫಿತೋಟ_ಸಕಲೇಶಪುರ · ಜೂನ್ 14

ಬೋಟಿನವರ ಮಧ್ಯೆ ಬೆಟ್ಟದವನು ಬಂದೆ, ಕ್ಷಮಿಸಿ. ನಮ್ಮ ತೋಟದ ಜನರೇಟರಿಗೆ ಡೀಸೆಲ್ ಬ್ಯಾರಲ್‌ನಲ್ಲಿ ಇಡುತ್ತೇವೆ. ಮಳೆಗಾಲ ಮುಗಿಯುವಾಗ ಅಡಿಯಲ್ಲಿ ಕಪ್ಪು ಲೋಳೆ, ಹೆಂಚಿನ ಮೇಲಿನ ಪಾಚಿ ಹಾಗೆ. ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇದು ಡೀಸೆಲ್‌ನ ದೋಷವಾ, ಬ್ಯಾರಲ್‌ನ ದೋಷವಾ?

ಥರ್ಡ್_ಇಂಜಿನಿಯರ್ · ಜೂನ್ 14

ನೀರಿನ ದೋಷ. ಡೀಸೆಲ್ ಮೇಲೆ, ನೀರು ಕೆಳಗೆ. ಇವೆರಡರ ನಡುವಿನ ಗೆರೆಯಲ್ಲಿ ಒಂದು ಬಗೆಯ ಬೂಸ್ಟು ಬೆಳೆಯುತ್ತದೆ. ಅದು ಡೀಸೆಲ್ ತಿಂದು ನೀರಿನಲ್ಲಿ ಬದುಕುತ್ತದೆ. ಜೊತೆಗೆ ಬ್ಯಾಕ್ಟೀರಿಯಾ ಸೇರಿಕೊಂಡು ಹುಳಿ ಬಿಟ್ಟು ಟ್ಯಾಂಕಿಯ ಅಡಿಯಲ್ಲಿ ಗುಂಡಿ ತೋಡುತ್ತದೆ. ನೀರು ತೆಗೆದರೆ ಅದಕ್ಕೆ ಮನೆಯೇ ಇಲ್ಲ. ಔಷಧಿ ಸಿಗುತ್ತದೆ, ಆದರೆ ನೀರನ್ನು ಒಳಗೇ ಉಳಿಸಿ ಔಷಧಿ ಹಾಕಿದರೆ ಸತ್ತ ಲೋಳೆ ಎಲ್ಲ ಒಂದೇ ಸಲ ಫಿಲ್ಟರಿಗೆ ಬರುತ್ತದೆ. ಮೊದಲು ಅಡಿಯಿಂದ ಬಸಿದು ತೆಗೆಯಿರಿ.

ಬ್ಯಾರಲ್ ಒಳಗೆ ಸತು ಲೇಪನ ಉಂಟಾ? ಇದ್ದರೆ ಬದಲಿಸಿ. ಸತು ಡೀಸೆಲ್ ಜೊತೆ ಸೇರಿ ಸಾಬೂನಿನಂಥ ಅಂಟು ಆಗುತ್ತದೆ, ಅದೂ ಫಿಲ್ಟರ್ ಕಟ್ಟುತ್ತದೆ. ನೀರಿನ ಟ್ಯಾಂಕಿಗೆ ಒಳ್ಳೆಯದಾದದ್ದು ಡೀಸೆಲ್‌ಗೆ ಒಳ್ಳೆಯದಲ್ಲ.

ಕಾಫಿತೋಟ_ಸಕಲೇಶಪುರ · ಜೂನ್ 14

ಧನ್ಯವಾದ. ಬ್ಯಾರಲ್ ಸ್ವಲ್ಪ ಓರೆಯಾಗಿ ಇಟ್ಟು ತಗ್ಗಿನ ಕಡೆಯಿಂದ ತೆಗೆಯುತ್ತೇನೆ. ಯಾರಿಗಾದರೂ ಕಾಫಿ ಪುಡಿ ಬೇಕಾದರೆ ಹೇಳಿ, ಬದಲಿಗೆ ಒಣ ಸಿಗಡಿ ಕಳಿಸಿ.

ಗಂಗೊಳ್ಳಿ_ಗಾಳಿ · ಜೂನ್ 14

ಒಣ ಸಿಗಡಿ ಮಾತು ಆಮೇಲೆ. ಮಲ್ಪೆ ಹುಡುಗ ಎಲ್ಲಿ ಹೋದ?

ಹಳೆಬೋಟು_ಮಲ್ಪೆ · ಜೂನ್ 15

ಇದ್ದೇನೆ ಅಣ್ಣ. ನಿನ್ನೆ ಇಡೀ ದಿನ ಬೋಟಿನಲ್ಲೇ.

ಮೇಡಂ ಮಾತು ಪರೀಕ್ಷೆ ಮಾಡಲು ಒಂದು ಉಪಾಯ ಹೊಳೆಯಿತು. ಮನೆಗೆ ಕುಡಿಯುವ ನೀರಿನ ಫಿಲ್ಟರ್ ರಿಪೇರಿಗೆ ಬರುವ ಹುಡುಗನ ಹತ್ತಿರ ನೀರಿನಲ್ಲಿ ಉಪ್ಪು ಎಷ್ಟು ಕರಗಿದೆ ಅಂತ ತೋರಿಸುವ ಟಿಡಿಎಸ್ ಪೆನ್ನು ಉಂಟಲ್ಲ, ಅದನ್ನು ಎರಡು ದಿನಕ್ಕೆ ಕೇಳಿ ತಂದೆ. ಬಾವಿ ನೀರು 70 ತೋರಿಸಿತು. ಎಡಗಡೆ ಟ್ಯಾಂಕಿಯ ಮೇಲಿನ ಹನಿ ಸಿರಿಂಜಿನಲ್ಲಿ ಎಳೆದು ಮುಚ್ಚಳದಲ್ಲಿ ಹಾಕಿದೆ: 140. ಬಲಗಡೆ ಟ್ಯಾಂಕಿಯ ಅಡಿಯದ್ದು ಹಾಕಿದರೆ ಪೆನ್ನು ನಂಬರೇ ತೋರಿಸುವುದಿಲ್ಲ, ಅದರ ಮಿತಿ 9990 ದಾಟಿಹೋಗಿದೆ.

ಆಮೇಲೆ ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ ಬಂದೆ. ಇವತ್ತು ಬೆಳಿಗ್ಗೆ ನೋಡಿದರೆ ಬದಿಗಳು ಒಣಗಿವೆ! ಆದರೆ ಅಡಿಯ ಅಂಚಿನಲ್ಲಿ, ಮರದ ಪಟ್ಟಿ ಇರುವ ಮೂರು ಕಡೆ, ಮತ್ತೆ ಹನಿ. ಪೆನ್ನು ಮತ್ತೆ ಸುಮ್ನೆ ಆಯ್ತು.

ಸುತ್ತಿಗೆಯಲ್ಲಿ ತಟ್ಟಿದೆ. ಆ ಮೂರೂ ಕಡೆ ಡಬ್.

ಕೆಮಿಸ್ಟ್ರಿ_ಮೇಡಂ · ಜೂನ್ 15

ಇದನ್ನು ನಾನು ಕ್ಲಾಸಿನಲ್ಲಿ ಹೇಳುತ್ತೇನೆ. ಟಿಡಿಎಸ್ ಪೆನ್ನಿಗೆ ಇಷ್ಟು ಒಳ್ಳೆ ಕೆಲಸ ಇದುವರೆಗೆ ಯಾರೂ ಕೊಟ್ಟಿರಲಿಕ್ಕಿಲ್ಲ.

ಸಮುದ್ರದ ನೀರೇ ಸುಮಾರು 35,000. ಹಾಗಾಗಿ ಅದು ಎಷ್ಟು ಅಂತ ಪೆನ್ನು ಹೇಳಲಾರದು. ಆದರೆ ಉಪ್ಪು ಎಲ್ಲಿಂದ ಬರುತ್ತಿದೆ ಅಂತ ಹೇಳಿಬಿಟ್ಟಿತು.

ಟ್ಯಾಂಕಿ_ವೆಲ್ಡರ್ · ಜೂನ್ 15

ಗೋಣಿ. ನಾನು ಹೇಳಿದ್ದೆ.

ಬಂದರು_ಬಾಸ್ · ಜೂನ್ 15

ಇಷ್ಟೆಲ್ಲ ಯಾಕೆ ಸ್ವಾಮಿ? ಅಡಿಯ ಸಂದಿಗೆ ಸಿಮೆಂಟ್ ಕಲಸಿ ತುಂಬಿಸಿ, ಮೇಲೆ ಡಾಂಬರು ಹೊಡೆಯಿರಿ. ನಮ್ಮ ಬೋಟಿಗೆ ಹಾಗೇ ಮಾಡಿ ನಾಲ್ಕು ವರ್ಷ ಓಡಿಸಿದೆ. ಎಂತದ್ದೂ ಆಗಿಲ್ಲ.

ಟ್ಯಾಂಕಿ_ವೆಲ್ಡರ್ · ಜೂನ್ 15

ಬಾಸ್, ಐದನೇ ವರ್ಷ ಏನಾಯ್ತು?

ಬಂದರು_ಬಾಸ್ · ಜೂನ್ 15

ಬೋಟು ಮಾರಿದೆ.

ತದಡಿ_ತಾಂಡೇಲ · ಜೂನ್ 15

ತಗೊಂಡವನ ಶಾಪ ತಟ್ಟದಿರಲಿ.

ಸಿಮೆಂಟು, ಡಾಂಬರು ಹಾಕಿದರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಒಳಗೆ ತಿನ್ನುತ್ತಲೇ ಇರುತ್ತದೆ. ಸಮುದ್ರದಲ್ಲಿ ಟ್ಯಾಂಕಿ ತೂತಾದರೆ ಡೀಸೆಲ್ ಮಾತ್ರ ಹೋಗುವುದಲ್ಲ, ಬೋಟಿನ ತಳದ ನೀರಿಗೆ ಸೇರುತ್ತದೆ, ಪಂಪು ಅದನ್ನು ಸಮುದ್ರಕ್ಕೆ ಬಿಡುತ್ತದೆ, ಇಂಜಿನ್ ಬಂದ್ ಆಗುತ್ತದೆ, ನೀವು ಗಾಳಿ ಹೋದ ಕಡೆ ಹೋಗುತ್ತೀರಿ. ನಾನು ಒಂದು ರಾತ್ರಿ ಹಾಗೆ ಕಳೆದಿದ್ದೇನೆ. ವೈರ್‌ಲೆಸ್‌ನಲ್ಲಿ ಕೂಗಿ ಕೂಗಿ ಬೆಳಗಿನ ಜಾವ ಇನ್ನೊಂದು ಬೋಟು ಬಂದು ಹಗ್ಗ ಹಾಕಿ ಎಳೆಯಿತು. ಅವತ್ತಿನ ಮೀನು ಎಲ್ಲ ಅವರಿಗೇ ಕೊಟ್ಟೆವು.

ಹಳೆಬೋಟು_ಮಲ್ಪೆ · ಜೂನ್ 16

ಹೊರಗೆ ತೆಗೆಯುವುದು ಅಂತ ತೀರ್ಮಾನ ಮಾಡಿದೆ. ಅಪ್ಪನಿಗೆ ಹೇಳಿದಾಗ ಮೊದಲು ಬೈದರು. ಆಮೇಲೆ "ಗೋಣಿ ನಾನೇ ಹಾಕಿಸಿದ್ದು" ಅಂದರು.

ನೀರುಕೋಳಿ_ಬೆಂಗಳೂರು · ಜೂನ್ 16

ಅಯ್ಯೋ ಪಾಪ ಅಪ್ಪ 😀 ಸಿನಿಮಾಕ್ಕಿಂತ ಚೆನ್ನಾಗಿದೆ ಇದು. ಮುಂದೆ ಏನಾಯ್ತು ಹೇಳಿ.

ಥರ್ಡ್_ಇಂಜಿನಿಯರ್ · ಜೂನ್ 16

ತೆಗೆದ ಮೇಲೆ ಒಂದು ಎಚ್ಚರ. ಟ್ಯಾಂಕಿ ಒಳಗೆ ತಲೆ ಹಾಕುವುದು, ಹುಡುಗರನ್ನು ಇಳಿಸುವುದು ಬೇಡ. ಮುಚ್ಚಿಟ್ಟ ಕಬ್ಬಿಣದ ಟ್ಯಾಂಕಿಯಲ್ಲಿ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನೇ ತಿಂದಿರುತ್ತದೆ. ವಾಸನೆ ಬರುವುದಿಲ್ಲ, ಕೆಮ್ಮು ಬರುವುದಿಲ್ಲ, ನೇರ ಎಚ್ಚರ ತಪ್ಪುತ್ತದೆ. ಎತ್ತಲು ಹೋದವನೂ ಬೀಳುತ್ತಾನೆ. ಹಡಗಿನಲ್ಲಿ ಗಾಳಿ ಅಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಟ್ಯಾಂಕಿ_ವೆಲ್ಡರ್ · ಜೂನ್ 16

ಇನ್ನೊಂದು ಎಚ್ಚರ ನನ್ನದು. ತೂತಿನ ಮೇಲೆ ತುಂಡು ಹಾಕಿ ವೆಲ್ಡ್ ಮಾಡಿ ಕೊಡು ಅಂತ ಬರುತ್ತಾರೆ. ನಾನು ಮಾಡುವುದಿಲ್ಲ. ಡೀಸೆಲ್ ಪೆಟ್ರೋಲಿನ ಹಾಗೆ ಹತ್ತಿಕೊಳ್ಳುವುದಿಲ್ಲ ಅಂತ ಧೈರ್ಯ. ಆದರೆ ಖಾಲಿ ಟ್ಯಾಂಕಿಯ ತುಕ್ಕಿನ ಪದರದಲ್ಲಿ ಎಣ್ಣೆ ಕುಡಿದು ಕೂತಿರುತ್ತದೆ. ಬಿಸಿ ತಾಗಿದ ಕೂಡಲೇ ಹಬೆ ಆಗುತ್ತದೆ, ಕಿಡಿ ಪಕ್ಕದಲ್ಲೇ ಉಂಟು. ನನಗೆ ಕೆಲಸ ಕಲಿಸಿದವರ ಎಡಗೈಯಲ್ಲಿ ಎರಡು ಬೆರಳಿಲ್ಲ.

ಇನ್ನೂ ಒಂದು ಮಾತು. ತೂತಾದ ಜಾಗದ ಸುತ್ತ ಶೀಟು ಕಾಗದದಷ್ಟೇ ಉಳಿದಿರುತ್ತದೆ. ವೆಲ್ಡ್ ಹಿಡಿಯುವುದು ಎಲ್ಲಿಗೆ?

ಹಳೆಬೋಟು_ಮಲ್ಪೆ · ಜೂನ್ 21

ಟ್ಯಾಂಕಿ ಹೊರಗೆ ಬಂತು. ಐದು ಜನ, ಒಂದು ಚೈನ್ ಬ್ಲಾಕ್, ಒಂದು ಪೂರ್ತಿ ದಿನ.

ಅಡಿಯಲ್ಲಿ ಮೂರು ಮರದ ಪಟ್ಟಿ. ಪಟ್ಟಿಯ ಮೇಲೆ ನಾಲ್ಕು ಮಡಿಕೆ ಗೋಣಿ, ಅದರ ಮೇಲೆ ಟಯರ್ ಟ್ಯೂಬು. ಗೋಣಿ ಅಂತ ಹೇಳಲಿಕ್ಕೂ ಇಲ್ಲ, ಕೈಯಲ್ಲಿ ಹಿಂಡಿದರೆ ಕಪ್ಪು ಕೆಸರು, ನಡುವೆ ನಾರು. ಬಿಸಿಲು ಸ್ವಲ್ಪ ಬಂದಾಗ ಒಂದು ತುಂಡು ತಗಡಿನ ಮೇಲೆ ಹರಡಿದೆ. ಮಧ್ಯಾಹ್ನಕ್ಕೆ ಅಂಚಿನಲ್ಲಿ ಬಿಳಿ ಹರಳು ಮೂಡಿತ್ತು. ಸಂಜೆ ಮೋಡ ಬಂದ ಕೂಡಲೇ ಮತ್ತೆ ಒದ್ದೆ. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ! ಮೇಡಂ, ನಿಮ್ಮ ಭರಣಿಯೇ.

ಟ್ಯಾಂಕಿಯ ಅಡಿಯಲ್ಲಿ ಪಟ್ಟಿಯ ಅಗಲಕ್ಕೆ ಸರಿಯಾಗಿ ಮೂರು ಗೆರೆ. ನಡುವಿನ ಗೆರೆಯಲ್ಲಿ ಸ್ಕ್ರೂಡ್ರೈವರ್ ಒತ್ತಿದೆ, ಒಳಗೆ ಹೋಯಿತು. ಜೋರು ಬೇಕಾಗಲಿಲ್ಲ. ಎರಡು ಗೆರೆಗಳ ನಡುವಿನ ಜಾಗದಲ್ಲಿ ಹಳೆ ಪೇಂಟು ಇನ್ನೂ ಹೊಳೆಯುತ್ತಿದೆ.

ಮತ್ತೆರಡು ಸಂಗತಿ. ಸ್ಟೋರೇಜಿನ ಗೋಡೆಯಲ್ಲಿ, ಈ ಟ್ಯಾಂಕಿಯ ಹಿಂದೆಯೇ, ಫೈಬರ್ ಲೇಪ ಬಿರುಕು ಬಿಟ್ಟಿದೆ. ಐಸ್ ಕರಗಿದ ನೀರು, ಮೀನು ತೊಳೆದ ಉಪ್ಪು ನೀರು ಎಲ್ಲ ಅಲ್ಲಿಂದ ಇಳಿದು ಗೋಣಿಗೆ ಬರುತ್ತಿತ್ತು. ಎಡಗಡೆ ಗೋಡೆಯಲ್ಲಿ ಬಿರುಕಿಲ್ಲ. ಹಾಗಾಗಿ ಬೆವರು ಸ್ವಲ್ಪ, ಬಿರುಕು ಜಾಸ್ತಿ.

ಥರ್ಡ್ ಸಾರ್, ನಿಮ್ಮ ಮುಚ್ಚಳವೂ ಸಿಕ್ಕಿಬಿತ್ತು. ಡೀಸೆಲ್ ಹಾಕುವ ಪೈಪನ್ನು ಕೆಳಗಿನಿಂದ ಬಿಚ್ಚಿ, ಬಾಯಿಗೆ ಒಣ ಬಟ್ಟೆ ಕಟ್ಟಿ, ಮೇಲೆ ಮುಚ್ಚಳ ಬಿಗಿ ಮಾಡಿ ಡೆಕ್ಕಿನ ಮೇಲೆ ಎರಡು ಬಕೆಟ್ ನೀರು ಸುರಿದೆ. ಬಟ್ಟೆ ಹಿಂಡಿದರೆ ನೀರು! ರಬ್ಬರ್ ರಿಂಗು ಚಪ್ಪಟೆಯಾಗಿ ಕಲ್ಲಾಗಿತ್ತು. ಹೊಸ ರಿಂಗಿಗೆ ಕೊಟ್ಟದ್ದು ಒಂದು ಚಾ ಮತ್ತು ಗೋಳಿಬಜೆಯ ದುಡ್ಡು.

ಟ್ಯಾಂಕಿ_ವೆಲ್ಡರ್ · ಜೂನ್ 21

ನನ್ನ ಹೆಸರು ಉಳಿಯಿತು.

ಹೊಸದು ಮಾಡಿಸುವಾಗ ಹೀಗೆ ಹೇಳಿ. 5 ಎಂಎಂ ಶೀಟು. ಅಡಿ ಮಟ್ಟಸ ಬೇಡ, ಒಂದು ಮೂಲೆಗೆ ಇಳಿಜಾರು ಇರಲಿ, ಆ ಮೂಲೆಯಲ್ಲಿ ಸಣ್ಣ ಗುಂಡಿ ಮಾಡಿ ನೀರು ಬಿಡುವ ನಲ್ಲಿ. ಇಂಜಿನ್‌ಗೆ ಹೋಗುವ ಪೈಪು ಆ ಗುಂಡಿಯಿಂದ ಮೇಲೆ ಇರಲಿ. ಕೈ ಹೋಗುವಷ್ಟು ಬಾಗಿಲು ಮೇಲ್ಗಡೆ ಒಂದು. ಒಳಗೆ ಪೇಂಟು ಬೇಡ, ಎಣ್ಣೆ ಒರೆಸಿ ಬಿಟ್ಟರೆ ಸಾಕು. ಕಾಲು ಕೊಟ್ಟು ಎರಡಿಂಚು ಎತ್ತರಿಸಿ, ಅಡಿಯಲ್ಲಿ ಕೈ ಆಡಬೇಕು. ಸ್ಟೋರೇಜಿನ ಗೋಡೆಯಿಂದಲೂ ಎರಡಿಂಚು ದೂರ.

ಸೌತಾಂಪ್ಟನ್_ಸುಬ್ಬ · ಜೂನ್ 21

ಕಾಲು ಕೂರುವಲ್ಲಿ ಮರ, ಬಟ್ಟೆ ಬೇಡ. ನೀರು ಕುಡಿಯದ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಹಾಕಿ. ಸುಮ್ನೆ ಇಟ್ಟರೂ ಸಾಲದು, ಸೀಲೆಂಟ್ ಪೂರ್ತಿ ಬಳಿದು ಕಬ್ಬಿಣಕ್ಕೆ ಅಂಟಿಸಬೇಕು. ಕೂದಲೆಳೆ ಸಂದಿ ಇದ್ದರೂ ನೀರು ಒಳಗೆ ನುಗ್ಗಿ ಕೂರುತ್ತದೆ.

ಗಂಗೊಳ್ಳಿ_ಗಾಳಿ · ಜೂನ್ 22

ಅದೆಲ್ಲ ಬೇಡ, ದಪ್ಪ ರಬ್ಬರ್ ಶೀಟು ಸಾಕು. ನಮ್ಮದು ಹಾಗೇ ಉಂಟು.

ಸೌತಾಂಪ್ಟನ್_ಸುಬ್ಬ · ಜೂನ್ 22

ಅಂಟಿಸಿದ್ದೀರಾ, ಸುಮ್ನೆ ಇಟ್ಟಿದ್ದೀರಾ?

ಗಂಗೊಳ್ಳಿ_ಗಾಳಿ · ಜೂನ್ 22

ಸುಮ್ನೆ ಇಟ್ಟದ್ದು. ... ನಾಳೆ ಹೋಗಿ ಎತ್ತಿ ನೋಡುತ್ತೇನೆ ಮಾರಾಯ್ರೆ, ಹೆದರಿಸಬೇಡಿ.

ಕೆಮಿಸ್ಟ್ರಿ_ಮೇಡಂ · ಜೂನ್ 22

ಟ್ಯಾಂಕಿ ಕೂರುವ ಜಾಗದ ಮರವನ್ನೂ ತೊಳೆಯಿರಿ. ಬಾವಿ ನೀರು ಹಾಕಿ, ಬಸಿದು, ಮತ್ತೆ ಹಾಕಿ. ಬಸಿದ ನೀರಿಗೆ ಪೆನ್ನು ಇಟ್ಟು ನೋಡಿ, ಬಾವಿ ನೀರಿನ ನಂಬರಿಗೆ ಹತ್ತಿರ ಬರುವವರೆಗೆ ಬಿಡಬೇಡಿ. ಆಮೇಲೆ ಒಣಗಿಸಿ. ಎಡಗಡೆ ಟ್ಯಾಂಕಿಗೂ ಇದೇ.

ಹಳೆಬೋಟು_ಮಲ್ಪೆ · ಜೂನ್ 22

ಈ ಮಳೆಯಲ್ಲಿ ಒಣಗಿಸುವುದು ಹೇಗೆ ಮೇಡಂ? ಬಾಗಿಲು ತೆಗೆದರೆ ಪಸೆ ಗಾಳಿ, ಮುಚ್ಚಿದರೆ ಉಸಿರುಗಟ್ಟಿ ಬೂಸ್ಟು.

ತದಡಿ_ತಾಂಡೇಲ · ಜೂನ್ 22

ಹಿಂದೆ ನಾವು ಇಂಜಿನ್ ರೂಮಿನಲ್ಲಿ ಒಂದು 100 ವ್ಯಾಟ್ ಬಲ್ಬು ಹಗಲು ರಾತ್ರಿ ಉರಿಸುತ್ತಿದ್ದೆವು. ಟರ್ಪಾಲಿನ ಎರಡು ಮೂಲೆ ಎತ್ತಿ ಕಟ್ಟಿ, ಒಂದು ಕೆಳಗೆ ಒಂದು ಮೇಲೆ. ಬಿಸಿ ಗಾಳಿ ಮೇಲಿಂದ ಹೋಗುತ್ತದೆ. ಒಳಗೆ ಕೈಗೆ ಬೆಚ್ಚಗೆ ತಾಗಿದರೆ ಸಾಕು.

ಥರ್ಡ್_ಇಂಜಿನಿಯರ್ · ಜೂನ್ 22

ಸರಿಯಾದ ಉಪಾಯ. ಹೊರಗಿಗಿಂತ ಎರಡು ಮೂರು ಡಿಗ್ರಿ ಬಿಸಿ ಇದ್ದರೆ ಕಬ್ಬಿಣ ಬೆವರುವುದಿಲ್ಲ. ಆದರೆ ಈಗಿನ ಎಲ್‌ಇಡಿ ಬಲ್ಬು ಹಾಕಿ ಬಿಸಿ ಆಗಲಿಲ್ಲ ಅಂತ ಬರಬೇಡಿ. ವೈರು, ಹೋಲ್ಡರ್ ಗಟ್ಟಿ ಇರಲಿ, ಡೀಸೆಲ್ ಚೆಲ್ಲಿದ ಬಟ್ಟೆ ಹತ್ತಿರ ಇಡಬೇಡಿ.

ನೀರುಕೋಳಿ_ಬೆಂಗಳೂರು · ಜೂನ್ 22

ನಮ್ಮ ಅಪಾರ್ಟ್‌ಮೆಂಟ್ ಜನರೇಟರ್ ಟ್ಯಾಂಕಿ ಅಡಿ ಇವತ್ತು ಹೋಗಿ ನೋಡಿದೆ. ಥರ್ಮೋಕೋಲ್ ತುರುಕಿದ್ದಾರೆ. ಸೆಕ್ರೆಟರಿಗೆ ಹೇಳಿದರೆ "ನಿಮಗೆ ಬೇರೆ ಕೆಲಸ ಇಲ್ವಾ" ಅಂದರು.

ಹಳೆಬೋಟು_ಮಲ್ಪೆ · ಜುಲೈ 9

ಹೊಸ ಟ್ಯಾಂಕಿ ಬಂತು. ಸ್ಟೋರೇಜಿನ ಬಿರುಕಿಗೆ ಫೈಬರ್ ಹಾಕಿಸಿ, ಒಂದು ದಿನ ಒಳಗೆ ನೀರು ನಿಲ್ಲಿಸಿ ನೋಡಿದೆ, ಇಳಿಯಲಿಲ್ಲ. ಮರ ತೊಳೆದದ್ದು ಆರು ಸಲ. ಆರನೇ ಸಲ ಪೆನ್ನು 210ಕ್ಕೆ ಬಂತು, ಅಲ್ಲಿಗೆ ಬಿಟ್ಟೆ. ಬಲ್ಬು ಒಂಬತ್ತು ದಿನ ಉರಿಯಿತು. ಹೊರಗೆ ಎಪಾಕ್ಸಿ ಪ್ರೈಮರ್ ಎರಡು ಕೋಟು, ಅದರ ಮೇಲೆ ಬಿಳಿ ಪೇಂಟು, ತುಕ್ಕು ಬಂದರೆ ಬೇಗ ಕಾಣಲಿ ಅಂತ. ಎಡಗಡೆಯದ್ದನ್ನೂ ಎತ್ತಿ ಗೋಣಿ ತೆಗೆಸಿದೆ. ಅದರ ಗೋಣಿ ಒಣಗಿತ್ತು, ಅಪ್ಪ ಅದನ್ನು ಎತ್ತಿ ತೋರಿಸಿ "ನೋಡು, ಇದೂ ನಾನೇ ಹಾಕಿಸಿದ್ದು" ಅಂದರು.

ಗಂಗೊಳ್ಳಿ_ಗಾಳಿ · ಜುಲೈ 9

ನಮ್ಮದೂ ಎತ್ತಿದೆ. ರಬ್ಬರಿನ ಅಡಿ ಏನಿತ್ತು ಅಂತ ಕೇಳಬೇಡಿ. ವೆಲ್ಡರ್ ಅಣ್ಣ, ಫೋನ್ ಎತ್ತಿ.

ಬಂದರು_ಬಾಸ್ · ಜುಲೈ 10

ಮಲ್ಪೆಯವರೇ, ಆ ಹಳೆ ಟ್ಯಾಂಕಿ ಕೊಡುತ್ತೀರಾ? ಅಡಿಗೆ ಸ್ವಲ್ಪ ಸಿಮೆಂಟ್ ಹಾಕಿದರೆ ತೋಟಕ್ಕೆ ನೀರು ತುಂಬಿಸಲು ಆಗುತ್ತಿತ್ತು.

ಹಳೆಬೋಟು_ಮಲ್ಪೆ · ಜುಲೈ 10

ಗುಜರಿಗೆ ಹೋಯ್ತು ಬಾಸ್. ಗೋಣಿ ಉಂಟು, ಬೇಕಾ?